ಬಾಳಂತಿ ಕೋಣೆಯ ಬೆಕ್ಕು

ಅಕ್ಟೋಬರ್ 14, ಸೋಮವಾರ. ತೇರಗಾಂವ

ಪೆಟ್ಟಿಗೆಗಳ ಪ್ರದಕ್ಷಿಣೆ ಮುಗಿಸಿ ಈಗಷ್ಟೇ ಬಂದೆ. ಫಲ ಶೂನ್ಯ. ಕಬ್ಬಿನ ಹೊಲಗಳ ನಡುವೆ ಕಬ್ಬಿಣದ ಕಂಬ ನೆಟ್ಟು, ಅದರ ತಲೆಗೆ ಪ್ಲೈವುಡ್ಡಿನ ಗೂಡುಪೆಟ್ಟಿಗೆ ಕೂರಿಸಿ ಇದು ಎರಡನೇ ವರ್ಷ. ಗೂಬೆಗಳು ಬಂದು ಸಂಸಾರ ಹೂಡಬೇಕು, ಕಬ್ಬಿನ ಬುಡ ಕಡಿಯುವ ಇಲಿ ಹೆಗ್ಗಣಗಳನ್ನು ತಿನ್ನಬೇಕು, ರೈತರು ಇಲಿಗೆ ವಿಷ ಹಾಕುವುದನ್ನು ಬಿಡಬೇಕು, ನಾನು ಇದನ್ನೆಲ್ಲ ಅಳೆದು ಬರೆದು ಪಿಎಚ್‌ಡಿ ಮುಗಿಸಬೇಕು. ಯೋಜನೆಯೇನೋ ಚೆನ್ನಾಗಿಯೇ ಇದೆ, ಗೂಬೆಗಳಿಗೆ ಹೇಳಿದವರಿಲ್ಲ ಅಷ್ಟೆ. ಒಂದು ಪೆಟ್ಟಿಗೆಯಲ್ಲಿ ಗೊರವಂಕ, ಇನ್ನೊಂದರಲ್ಲಿ ಕಡಜ. ಕೆರೆ ದಂಡೆಯ ಪೆಟ್ಟಿಗೆ ಕಂಬದ ಮೇಲೆಯೇ ಇಲ್ಲ. ಹುಡುಕಿಕೊಂಡು ಹೋದರೆ ಪರಶುರಾಮ ಎಂಬವನ ಹಿತ್ತಲಲ್ಲಿ ಸಿಕ್ಕಿತು, ಒಳಗೆ ಕೋಳಿ ಕಾವಿಗೆ ಕೂತಿದೆ. "ಖಾಲಿ ಬಿದ್ದಿತ್ತಲ್ರೀ ಮೇಡಮ್, ಅದಕ್ಕ ತಂದ್ನಿ" ಎಂದ. ಕೋಳಿ ನನ್ನನ್ನು ನೋಡಿದ ರೀತಿಗೆ ನಾನೇ ತಪ್ಪಾಯ್ತೆಂದು ಬಾಗಿಲು ಮುಚ್ಚಿ ಬಂದೆ.

ಧಾರವಾಡದಿಂದ ಗೈಡ್ ಫೋನು. "ಸಂಕ್ರಾಂತಿ ಒಳಗ ಒಂದರ ಗೂಡು ತೋರ್ಸವಾ ಸುಮಿತಾ. ಇಲ್ಲಂದ್ರ ಗೂಬಿ ಬಿಟ್ಟು ಗೋವಿನಜೋಳದ ಸೈನಿಕ ಹುಳಾ ತಗೊಂಡು ಹೊಸದಾಗಿ ಶುರು ಮಾಡು. ಹುಳಾ ಆದ್ರ ಹೊಲದ ತುಂಬ ಸಿಗ್ತಾವು."

ಹುಳುಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಎರಡು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಗುತ್ತದಲ್ಲ, ಅದನ್ನು ಸಹಿಸಲಾಗುವುದಿಲ್ಲ.

ಅಕ್ಟೋಬರ್ 20, ಭಾನುವಾರ

ಮಾರುತಿ ಗುಡಿಯ ಕಟ್ಟೆಯ ಮೇಲೆ ಭಾಷಣ ಮಾಡಿದೆ. "ಗೂಬೆ, ರೈತನ ಗೆಳೆಯ." ಬಣ್ಣದ ಚಾರ್ಟು, ಬಾಣದ ಗುರುತುಗಳು, ಒಂದು ಜೋಡಿ ಗೂಬೆ ವರ್ಷಕ್ಕೆ ತಿನ್ನುವ ಇಲಿಗಳ ರಾಶಿಯ ಚಿತ್ರ. ಎಲ್ಲರೂ ತಲೆಯಾಡಿಸಿದರು, ಚಹಾ ಕೊಟ್ಟರು. ಒಬ್ಬರ ಬಾಯಿಂದಲೂ ಆ ಹಕ್ಕಿಯ ಹೆಸರು ಹೊರಡಲಿಲ್ಲ. "ಅದು" ಅಂತಾರೆ. "ಅದು ಬಂತು, ಅದು ಕೂತಿತ್ತು."

ಕೊನೆಗೆ ಕರಿಬಸಪ್ಪ ಎದ್ದು ನಿಂತರು. ಇವರದು ಗೊಬ್ಬರ, ಔಷಧಿಗಳ ಅಂಗಡಿ. ಇಲಿ ಪಾಷಾಣವೂ ಅಲ್ಲೇ. "ಮೇಡಮ್ಮಾರ, ನೀವು ಹೇಳೂದು ಖರೇ. ಆದ್ರ ನಾಳೆ ಅದು ಮನಿ ಹೊಕ್ಕರ ಯಾರು ಜವಾಬ್ದಾರಿ? ದುರ್ಗಪ್ಪನ ಮನಿ ನೋಡೀರಲ್ಲ?"

ನೋಡಿದ್ದೇನೆ. ಊರ ಬಾಗಿಲಲ್ಲೇ ಇದೆ, ಕೀಲಿ ಜಡಿದ ಗಟ್ಟಿಮುಟ್ಟಾದ ಮನೆ. ಮಳೆಗಾಲದ ಮೊದಲು ಒಂದು ಗೂಬೆ ಒಳಗೆ ನುಗ್ಗಿ ತೊಲೆಯ ಮೇಲೆ ಕೂತಿತಂತೆ. ಗೂಬೆ ಹೊಕ್ಕ ಮನೆ ಬಿಡಬೇಕು, ಇದು ಇಲ್ಲಿಯ ಕಟ್ಟು. ದುರ್ಗಪ್ಪನ ಸಂಸಾರ ಅಂದಿನಿಂದ ಹೊಲದ ತಗಡಿನ ಶೆಡ್ಡಿನಲ್ಲಿದೆ. ಶೆಡ್ಡಿಗೆ ಹಾವು ಬಂತು, ಅದಕ್ಕೆ ಯಾರೂ ಶೆಡ್ಡು ಬಿಡಲಿಲ್ಲ!

ಹೆಸರು ಹೇಳಲೂ ಹೆದರುವವರಿಗೆ ಏನು ಕಲಿಸಲಿ? ವಸ್ತುವನ್ನು ಅದರ ಹೆಸರಿನಿಂದ ಕರೆಯುವುದೇ ವಿಜ್ಞಾನದ ಮೊದಲ ಪಾಠ. ಗೂಬೆ. ಗೂಬೆ. ಗೂಬೆ. ಇಲ್ಲಾದರೂ ಬರೆದುಕೊಳ್ಳುತ್ತೇನೆ.

ಅಕ್ಟೋಬರ್ 27, ಭಾನುವಾರ

ನಾನಿರುವ ಮನೆಯ ಒಡತಿ ಸತ್ತೆವ್ವ ಇವತ್ತು ತಮ್ಮ ಹೊಸ ಮನೆ ತೋರಿಸಲು ಕರೆದುಕೊಂಡು ಹೋದರು. ಈಗಿರುವುದು ಗಂಡ ಸಾತಪ್ಪನ ಹಿರೇರ ಮನೆ. ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿಕೊಂಡಿದ್ದಾರೆ, ಆಚೆ ಮನೆಯ ಒಗ್ಗರಣೆಗೆ ಈಚೆ ಮನೆಯವರು ಸೀನುತ್ತಾರೆ. ಆ ಅರ್ಧದಲ್ಲೂ ಮುಂದಿನ ಕೋಣೆ ನನಗೆ ಬಾಡಿಗೆ. ಹೊಸ ಮನೆ ಊರಿನಂಚಿಗೆ, ಅವರ ಹೊಲದ ತಲೆಗೆ. ಗೋಡೆ, ಸ್ಲ್ಯಾಬು ಎಲ್ಲ ಆಗಿದೆ. ಸುಣ್ಣ, ಕಿಟಕಿ, ವಾಸ್ತುಶಾಂತಿ ಬಾಕಿ.

ಹಜಾರ, ಅಡುಗೆಮನೆ ಎಲ್ಲವನ್ನೂ ಕೈಬೀಸಿ ದಾಟಿಸಿ ಹಿಂಬದಿಯ ಸಣ್ಣ ಕೋಣೆಗೆ ಕರೆದೊಯ್ದು ನಿಲ್ಲಿಸಿದರು. ಮೂಲೆಯಲ್ಲಿ ನೀರೆರೆಯಲು ಬಚ್ಚಲು, ಮೇಲೆ ಸಿಮೆಂಟಿನ ಆಳವಾದ ಅಟ್ಟ, ಅದರ ಪಕ್ಕ ಒಂದು ಬೆಳಕಿಂಡಿ. "ಇದು ಬಾಳಂತಿ ಕೋಣಿ" ಎಂದರು. ಮಗಳು ಸ್ವಪ್ನಾಳನ್ನು ಮುಂಡಗೋಡಕ್ಕೆ ಕೊಟ್ಟಿದ್ದಾರೆ. ಬಸುರಿ. ಸೀಮಂತದ ಕುಬಸ ಮಾಡಿ ಕರೆತಂದ ಮೇಲೆ ಇಲ್ಲೇ ಬಾಳಂತನ.

"ನಾ ಹಡದಾಗ ನನಗ ಅವ್ವ ಇರಲಿಲ್ಲ, ತವರಿಲ್ಲ. ಆ ಮನ್ಯಾಗ ಒಂದ ಸೀರಿ ಅಡ್ಡ ಕಟ್ಟಿ ಮಲಗಿಸಿದ್ರು. ಸೀರಿ ಆ ಕಡೆ ಭಾವಗೋಳು ಎಲಿಯಡಿಕಿ ಹಾಕ್ಕೋತ ಕುಂತಿರ್ತಿದ್ರು. ಕೂಸಿಗೆ ಮೊಲಿ ಕೊಡಾಕೂ ಅಂಜಬೇಕು. ಅವತ್ತ ಅಂದ್ಕೊಂಡ್ನಿ ತಂಗಿ, ನನ್ನ ಮಗಳಿಗೆ ಬಾಗಲಾ ಇದ್ದ ಕೋಣಿ ಆಗಬೇಕು ಅಂತ."

ಇಷ್ಟು ಹೇಳಿ ಬಾಗಿಲು ಹಾಕಿ ತೆಗೆದು ತೋರಿಸಿದರು. ಚಿಲಕ ಸಲೀಸಾಗಿ ಬಿತ್ತು. ಅವರಿಗೆ ಅದೊಂದು ಸಂಭ್ರಮ.

ನನ್ನ ಹಳೆಯ ಪೆಟ್ಟಿಗೆಗಳನ್ನು ಸುಣ್ಣ ಹಚ್ಚುವವರೆಗೆ ಆ ಕೋಣೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದರು.

ನವೆಂಬರ್ 9, ಶನಿವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕೆಡಲಿ.

ಪೆಟ್ಟಿಗೆ ಇಡಲು ಹೋದೆ. ಅಟ್ಟದ ಕೆಳಗೆ ನೆಲದ ಮೇಲೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳು, ಮೇಲೆ ವಾರ್ನಿಶ್ ಹಚ್ಚಿದಂಥ ಹೊಳಪು. ಮುರಿದರೆ ಒಳಗೆ ಬೂದು ಕೂದಲು, ಅದರಲ್ಲಿ ಹಲ್ಲು ಸಮೇತ ಇಲಿಯ ದವಡೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಎಲುಬು ಕೂದಲನ್ನು ಉಂಡೆ ಕಟ್ಟಿ ಕಾರುತ್ತದೆ. ಎರಡು ವರ್ಷ ಪೆಟ್ಟಿಗೆಗಳ ಕೆಳಗೆ ಮಂಡಿಯೂರಿ ಹುಡುಕಿದ್ದು ಇದನ್ನೇ. ಕತ್ತೆತ್ತಿದೆ. ಅಟ್ಟದ ಕತ್ತಲಲ್ಲಿ ಹೃದಯದಾಕಾರದ ಬಿಳಿ ಮುಖವೊಂದು ನನ್ನನ್ನು ನೋಡಿ, ಬೇಸರದಿಂದ ಎಂಬಂತೆ, ಅತ್ತ ತಿರುಗಿತು. ಕಣಜ ಗೂಬೆ!

ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಬಾಗಿಲಲ್ಲಿ ಸತ್ತೆವ್ವ. "ಏನ ಅದು, ಕೈಯಾಗ?"

ಒಂದು ಕ್ಷಣದಲ್ಲಿ ಎಲ್ಲ ಕಣ್ಣ ಮುಂದೆ ಬಂತು. ಇವರು ಹೌಹಾರುತ್ತಾರೆ, ಹೊಗೆ ಹಾಕಿಸುತ್ತಾರೆ, ಇಲ್ಲವೇ ಮನೆಗೆ ಕೀಲಿ ಜಡಿಯುತ್ತಾರೆ. ಸುದ್ದಿ ಮುಂಡಗೋಡಕ್ಕೆ ಹೋಗುತ್ತದೆ, ಬೀಗರು ಮಗಳನ್ನು ಕಳಿಸುವುದಿಲ್ಲ. ನನ್ನ ಒಂದೇ ಒಂದು ಗೂಡೂ ಹೋಗುತ್ತದೆ.

"ಬೆಕ್ಕ ಕಾರಿಕೊಂಡೈತ್ರಿ ಅಕ್ಕಾರ" ಎಂದೆ.

ಸತ್ತೆವ್ವ ಉಂಡೆಯನ್ನು ನೋಡಿದರು. ನನ್ನನ್ನು ನೋಡಿದರು. ಮೇಲೆ ಮಾತ್ರ ನೋಡಲಿಲ್ಲ, ದೇವರು ದೊಡ್ಡವನು. "ಹಂಗಾರ ಬೆಕ್ಕ ಬಂದೈತಿ ಅನ್ನು" ಎಂದು ಮೂಲೆಯ ಕಸಬರಿಗೆ ತಂದು ನನ್ನ ಕೈಗೆ ಕೊಟ್ಟರು. "ಇನ್ನ ಮ್ಯಾಲ ಈ ಕೋಣಿ ಕಸಾ ನೀನ ಹೊಡಿ. ನನಗ ಸೊಂಟ ಬಗ್ಗೂದಿಲ್ಲ."

ಬೇಡದೇ ಬಂದ ವರ. ಪಾಪ, ನಂಬುವ ಜೀವ.

ನವೆಂಬರ್ 10, ಭಾನುವಾರ

ಇಡೀ ದಿನ ಉಂಡೆ ಬಿಡಿಸಿದೆ. ಬಿಸಿನೀರಿನಲ್ಲಿ ನೆನೆಹಾಕಿ ಚಹಾ ಜಾಲರಿಯಲ್ಲಿ ತೊಳೆದರೆ ಎಲುಬುಗಳು ಮುತ್ತಿನಂತೆ ಹೊರಬರುತ್ತವೆ. (ಜಾಲರಿ ಸತ್ತೆವ್ವನವರದು. ನಾಳೆ ಹಳಿಯಾಳ ಸಂತೆಯಲ್ಲಿ ಹೊಸದು ತಂದಿಡಬೇಕು, ಅವರು ನೋಡುವ ಮೊದಲು.) ಹೊಲದ ಇಲಿಗಳೇ ಹೆಚ್ಚು. ಒಂದು ಮರಿ ಹೆಗ್ಗಣ. ಕೆಂಪು ಹಲ್ಲಿನ ಸುಂಡಿಲಿ ಇರಬಹುದೇ ಎಂದುಕೊಂಡದ್ದು ಸುಂಡಿಲಿಯೇ, ಹಲ್ಲು ಮಾತ್ರ ಬಿಳಿ. ಒಂದು ಉಂಡೆಯಲ್ಲಿ ಜೀರುಂಡೆಯ ಹಸಿರು ರೆಕ್ಕೆ ಥಳಥಳಿಸುತ್ತಿತ್ತು. ಇಲಿ ಜೀರುಂಡೆ ತಿಂದಿತ್ತೋ, ಗೂಬೆಯೇ ಬಾಯಿ ರುಚಿಗೆ ತಿಂದಿತ್ತೋ? ಯಾರನ್ನು ಕೇಳುವುದು!

ಊಟ ಮರೆತದ್ದು ಸಂಜೆ ಗೊತ್ತಾಯಿತು. ಜೋಳದ ರೊಟ್ಟಿ, ಹಿಟ್ಟಿನ ಪಲ್ಲೆ ಬಾಗಿಲ ಬಳಿ ಮುಚ್ಚಿಟ್ಟಿತ್ತು.

ನವೆಂಬರ್ 18, ಸೋಮವಾರ

ಕೋಲಿಗೆ ಕನ್ನಡಿ ಕಟ್ಟಿ ಅಟ್ಟ ನೋಡಿದೆ. ತಾಯಿ ಕಾವಿಗೆ ಕೂತಿದೆ. ಹೊಟ್ಟೆಯಡಿ ಬಿಳಿ ಮೊಟ್ಟೆಗಳ ಅಂಚು ಕಂಡಿತು. ಗೈಡ್‌ಗೆ ಫೋನ್ ಮಾಡಿ "ಗೂಡು ಸಿಕ್ಕಿದೆ ಸರ್, ಒಂದು ಕಟ್ಟಡದಲ್ಲಿ" ಎಂದಷ್ಟೇ ಹೇಳಿದೆ. ಅವರು ಬಾಯಿ ತುಂಬ ನಕ್ಕರು.

ಸತ್ತೆವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, "ಎಷ್ಟ ಶಾಣ್ಯಾಕಿ ಹುಡಿಗಿ, ದಿನಾ ಹೋಗಿ ನಮ್ಮ ಹೊಸಾ ಮನಿ ಕಸಾ ಹೊಡೀತಾಳ!" ದಾಂಡೇಲಿಯ ಮಿಲ್ ಕ್ವಾರ್ಟರ್ಸಿನಲ್ಲಿರುವ ನನ್ನ ಅವ್ವನಿಗೆ ಈ ಮಾತು ಹೇಗೋ ತಲುಪಿ, "ಯಾರ ಮನೀದು? ಇಲ್ಲೆ ಒಂದ ದಿನಾ ಕಸಬರಗಿ ಮುಟ್ಟಿಲ್ಲಲ್ಲ" ಎಂದು ಫೋನಿನಲ್ಲಿ ಬೈದಳು.

ನವೆಂಬರ್ 26, ಮಂಗಳವಾರ

ಇಷ್ಟು ದಿನ ಗೂಬೆಗಳು ಯಾಕೆ ಬರಲಿಲ್ಲ ಎಂದು ಯೋಚಿಸುತ್ತಿದ್ದೆ. ಯಾಕೆ ಬರಬೇಕು ಎಂದು ಯೋಚಿಸಿರಲಿಲ್ಲ. ಮಧ್ಯಾಹ್ನ ಹೊಲದ ಪೆಟ್ಟಿಗೆಯೊಳಗೆ ಕೈ ಇಟ್ಟೆ, ರೊಟ್ಟಿ ಹಂಚಿನ ಮೇಲೆ ಇಟ್ಟಂತಾಯಿತು. ಅಟ್ಟದಲ್ಲಿ ತಂಪು. ಪೆಟ್ಟಿಗೆಯ ಬಾಯಿ ಅಗಲ, ಒಳಗೆ ಬಿಸಿಲು ಬೀಳುತ್ತದೆ. ಅಟ್ಟ ಆಳ, ಬೆಳಕಿಂಡಿಯ ಬೆಳಕು ಮೂಲೆ ಮುಟ್ಟುವುದಿಲ್ಲ. ಮೊಟ್ಟೆ ಇಡುವವಳಿಗೆ ಬೇಕಾದದ್ದು ಕತ್ತಲು, ತಂಪು, ಯಾರೂ ಇಣುಕದ ಮೂಲೆ. ನಾನು ಕೊಟ್ಟದ್ದು ಕಂಬದ ಮೇಲಿನ ಪ್ರದರ್ಶನ ಪೆಟ್ಟಿಗೆ.

ಸತ್ತೆವ್ವಕ್ಕ ಮಗಳಿಗೆಂದು ಯೋಚಿಸಿ ಕಟ್ಟಿಸಿದ್ದೇ ಗೂಬೆಗೂ ಬೇಕಾಗಿತ್ತು. ಹೊಸ ಪೆಟ್ಟಿಗೆಯ ನಕ್ಷೆ ಶುರುಮಾಡಿದ್ದೇನೆ, ಆಳವಾಗಿ, ಬಾಯಿ ಒಂದು ಪಕ್ಕಕ್ಕೆ.

ಡಿಸೆಂಬರ್ 6, ಶುಕ್ರವಾರ

ಸುತ್ತಲೂ ಕಬ್ಬು ಕಡಿಯುತ್ತಿದ್ದಾರೆ. ಹಳಿಯಾಳದ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳ ಹಾಡು ಹಗಲೆಲ್ಲ. ಕಬ್ಬು ಹೋದ ಹೊಲದ ಇಲಿಗಳು ಮನೆಗಳಿಗೆ ನುಗ್ಗುತ್ತವೆ, ಪ್ರತಿ ವರ್ಷ ಈಗಲೇ ಊರವರೆಲ್ಲ ಒಂದೇ ದಿನ ವಿಷ ಇಡುವುದು. ವಿಷ ತಿಂದ ಇಲಿ ತೂರಾಡುತ್ತ ಬಯಲಿಗೆ ಬರುತ್ತದೆ, ಗೂಬೆಗೆ ಸುಲಭದ ತುತ್ತು. ಅಲ್ಲಿಗೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಬೆಳಿಗ್ಗೆ ಕರಿಬಸಪ್ಪ ಪಾಷಾಣದ ಪೊಟ್ಟಣಗಳ ಚೀಲ ಹಿಡಿದು ಅಂಗಳಕ್ಕೆ ಬಂದಾಗ ನನ್ನ ಜೀವ ಬಾಯಿಗೆ ಬಂತು. ಚಾರ್ಟು ತರಲೇ ಎಂದುಕೊಂಡೆ.

ಸತ್ತೆವ್ವಕ್ಕ ಜೋಳ ಹಸನು ಮಾಡುತ್ತಿದ್ದವರು ಮೊರ ಕೆಳಗಿಡಲಿಲ್ಲ. "ನಮ್ಮ ಕಡೆ ಇಡಬ್ಯಾಡ್ರಿ ಕರಿಬಸಪ್ಪಣ್ಣಾರ. ಹೊಸಾ ಮನ್ಯಾಗ ಬೆಕ್ಕ ಕುಂತೈತಿ, ಗಬ್ಬಾಗೇತಿ."

"ನಿಮ್ಮ ಕಡೆ ಬಿಡೂಣು. ನನ್ನ ಹೊಲಕ್ಕ..."

"ಬೆಕ್ಕಿಗೆ ನಿಮ್ಮ ಹೊಲಾ ನಮ್ಮ ಹೊಲಾ ಗೊತ್ತಾಕ್ಕತಿ? ನಿಮ್ಮ ಇಲಿ ತಿಂದು ಸತ್ತರ ಪಾಪ ನಿಮಗ. ಬಂಗಾರದ ಬೆಕ್ಕ ಮಾಡಿಸಿ ಕಾಶಿಗೆ ಕೊಡತೀರೇನ? ಈಗ ಬಂಗಾರ ಹೆಂಗೈತಿ ಕೇಳ್ಕೊಂಡು ಬರ್ರಿ."

ಕರಿಬಸಪ್ಪ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕೇ ಪರಿಹಾರ, ಇದು ಇಲ್ಲಿ ಮಕ್ಕಳಿಗೂ ಗೊತ್ತು. ಸಂಜೆಯೊಳಗೆ ಆ ಕಡೆಯ ಹೊಲದವರೆಲ್ಲ ಈ ವರ್ಷ ವಿಷ ಬೇಡ, ಬೋನು ಇಡೋಣ ಎಂದು ಮಾತಾಡಿಕೊಂಡಿದ್ದಾರೆ.

ನನ್ನ ಬಣ್ಣದ ಚಾರ್ಟು ಎರಡು ವರ್ಷದಲ್ಲಿ ಮಾಡದ್ದನ್ನು ನನ್ನ ಒಂದು ಸುಳ್ಳು ಒಂದು ಬೆಳಿಗ್ಗೆ ಮಾಡಿತು. ನಗಬೇಕೋ ಅಳಬೇಕೋ ತಿಳಿಯದು. ಸತ್ತೆವ್ವಕ್ಕ ಇಲ್ಲದ ಬೆಕ್ಕಿಗಾಗಿ ಎಷ್ಟು ಕಾಳಜಿಯಿಂದ ವಾದ ಮಾಡಿದರು! ಸತ್ಯ ತಿಳಿದ ದಿನ ನನ್ನ ಮುಖ ನೋಡುವರೇ?

ಡಿಸೆಂಬರ್ 15, ಭಾನುವಾರ

ಮರಿಗಳು! ಹತ್ತಿಯ ಉಂಡೆಗೆ ಕೊಕ್ಕು ಅಂಟಿಸಿದಂತಿವೆ. ಮೂರು ಕಂಡವು, ಒಂದಕ್ಕಿಂತ ಒಂದು ಸಣ್ಣವು. ಹಸಿವಾದರೆ "ಬುಸ್ಸ್" ಎಂದು ಉಸಿರು ಎಳೆಯುತ್ತವೆ.

ಆ ಬುಸ್ಸೇ ಇವತ್ತು ಕುತ್ತು ತಂದಿತ್ತು. ಸಾತಪ್ಪಣ್ಣ ಜೋಳದ ಚೀಲ ಅಟ್ಟಕ್ಕೇರಿಸಲು ಹೋದವರು ಬಾಗಿಲಲ್ಲೇ ಚೀಲ ಚೆಲ್ಲಿ ಓಡಿಬಂದರು. "ನಾಗಪ್ಪ ಅದಾನ! ಹಾವ ಹಿಡಿಯಾವ್ನ ಕರೀರಿ!"

"ಎಲ್ಲೀ ನಾಗಪ್ಪ" ಎಂದರು ಸತ್ತೆವ್ವಕ್ಕ. "ಮರಿ ಹಾಕಿದ ಬೆಕ್ಕ ಸಿಟ್ಟಿಗೆದ್ರ ಹಂಗ ಬುಸ್ ಅಂತೈತಿ. ಚೀಲಾ ಹಜಾರದಾಗ ಇಡ್ರಿ. ಆ ಕೋಣಿಗೆ ಯಾರೂ ಹೋಗಬ್ಯಾಡ್ರಿ, ಸುಮಿತಾ ಒಬ್ಬಾಕಿನ್ನ ಬಿಟ್ಟು."

ಬಚಾವಾದೆ. ಈ ಹೆಂಗಸು ಇಷ್ಟು ಮುಗ್ಧೆಯಾಗಿರುವುದು ನನ್ನ ಪುಣ್ಯ.

ಡಿಸೆಂಬರ್ 30, ಸೋಮವಾರ. ಎಳ್ಳಮಾಸಿ

ಹೊಲದಲ್ಲಿ ಊಟ. ಸಜ್ಜಿ ಕಡಬು, ಪುಂಡಿಪಲ್ಲೆ, ಎಣಗಾಯಿ. ತಿನ್ನುವ ಮೊದಲು ಚರಗ ಚೆಲ್ಲಿದರು: ಅಡುಗೆಯನ್ನೆಲ್ಲ ಕಲಸಿ ಹೊಲದ ನಾಲ್ಕೂ ಕಡೆ ಭೂಮಿತಾಯಿಗೆ, ಹುಳಹುಪ್ಪಡಿಗೆ, ಹಕ್ಕಿಪಕ್ಷಿಗೆ. ಸತ್ತೆವ್ವಕ್ಕ ಕೊನೆಯ ಹಿಡಿಯನ್ನು ಹೊಸ ಮನೆಯ ಹಿಂಬದಿಗೆ ಹೋಗಿ ಬೆಳಕಿಂಡಿಯ ಕೆಳಗೆ ಚೆಲ್ಲಿ ಬಂದರು. ಯಾಕೆಂದು ಕೇಳಿದೆ. "ಬೆಕ್ಕಿಗೆ" ಎಂದರು.

ಬೆಕ್ಕು ಸಜ್ಜಿ ಕಡಬು ತಿನ್ನುತ್ತದೆಯೇ? ಕೇಳಲಿಲ್ಲ. ಮೂರನೆಯ ಮರಿ ತೀರ ಸಣ್ಣದಿದೆ, ದೊಡ್ಡವು ಅದರ ಪಾಲು ಕಿತ್ತುಕೊಳ್ಳುತ್ತವೆ. ಸರಿಯಾಗಿ ಊಟ ಸೇರಲಿಲ್ಲ.

ಜನವರಿ 4, ಶನಿವಾರ

ಸಣ್ಣದು ಇದೆ. ಇವತ್ತು ಅದಕ್ಕೂ ಒಂದು ಇಲಿ ಸಿಕ್ಕಿತು.

ಜನವರಿ 16, ಗುರುವಾರ

ಗೈಡ್ ಕೊಟ್ಟ ಗಡುವು ಮುಗಿಯಿತು. ಅವರಿಗೆ ಈಗ ಗೂಡಿನ ಫೋಟೊ ಬೇಕು, ಊರು ಮನೆ ಜಾಗದ ಗುರುತು ಬೇಕು, ಜತೆಗೆ ಪೇಪರಿನವರನ್ನು ಕರೆದುಕೊಂಡು ತಾವೇ ಬರುತ್ತಾರಂತೆ. "ಮನಿಯೊಳಗ ಗೂಬಿ ಸಂಸಾರ! ಎಂಥಾ ಸುದ್ದಿ ಆಕ್ಕತಿ ಗೊತ್ತೇನು? ಮನೀ ಹೆಣ್ಣಮಗಳದ್ದೂ ಫೋಟೊ ಹಾಕಸೂಣು."

ಆಗುವುದಿಲ್ಲ ಎಂದೆ. ಯಾಕೆ ಎಂದರು. ಮನೆಯವರಿಗೆ ತೊಂದರೆ ಎಂದೆ.

"ಮೂಢನಂಬಿಕಿ ಅಳಿಸಾಕಂತನ ನಾವು ಇರೂದು. ನೀನ ಹಿಂಗಂದ್ರ? ಯಾರೂ ಕಣ್ಣಿಲೆ ನೋಡದ ಗೂಡನ್ನ ಪ್ರಬಂಧದಾಗ ಸೇರಿಸಾಕ ಬರೂದಿಲ್ಲ, ತಿಳಕೋ. ಉಂಡಿಗೋಳ ಮ್ಯಾಲ ಆಹಾರದ ಅಧ್ಯಾಯ ಅಷ್ಟ ಉಳೀತೈತಿ. ಗೂಡಿನ ಅಧ್ಯಾಯ ಹೋತು. ಇನ್ನೊಂದ ವರ್ಷ ಹಿಡಿತೈತಿ ನಿನಗ."

"ಹಿಡೀಲಿ ಬಿಡ್ರಿ ಸರ್" ಎಂದುಬಿಟ್ಟೆ. ಅವರು ಫೋನ್ ಇಟ್ಟರು.

ಅಳು ಬರಬೇಕಿತ್ತು. ಬರಲಿಲ್ಲ. ಸಿಟ್ಟೇನೋ ಬಂತು, "ಹೆಣ್ಣಮಗಳ ಫೋಟೊ" ಎಂದದ್ದಕ್ಕೆ. ಆಮೇಲೆ ಹೋಗಿ ಕಸ ಹೊಡೆದೆ. ದೊಡ್ಡ ಮರಿಗೆ ಮುಖದ ಸುತ್ತ ಗರಿ ಮೂಡುತ್ತಿವೆ.

ಫೆಬ್ರುವರಿ 2, ಭಾನುವಾರ

ವಾಸ್ತುಶಾಂತಿ ಆಯಿತು. ಹಸುವನ್ನು ಒಳಗೆ ಹಾಯಿಸಿದರು, ಅದು ಹಜಾರದಲ್ಲೇ ಗಂಜಲ ಹಾಕಿ ಎಲ್ಲರಿಗೂ ಸಂತೋಷ ಕೊಟ್ಟಿತು. ನನಗೆ ಹೋಮದ್ದೇ ಚಿಂತೆ. ಒಳಗೆ ಹೊಗೆ ತುಂಬಿದರೆ ಮರಿಗಳ ಗತಿ? ಆದರೆ ಸತ್ತೆವ್ವಕ್ಕ ಹೋಮಕುಂಡವನ್ನು ಅಂಗಳದಲ್ಲೇ ಮಾಡಿಸಿದ್ದರು, ಹೊಸ ಗೋಡೆ ಕಪ್ಪಾಗುತ್ತದೆಂದು. ಕೊನೆಗೆ ಸ್ವಾಮಿಗಳು ಧೂಪ ಹಿಡಿದು ಕೋಣೆ ಕೋಣೆಗೂ ತೋರಿಸುತ್ತ ಹಿಂಬದಿಗೆ ಬಂದಾಗ ಇವರು ಅಡ್ಡ ನಿಂತರು. "ಇದೊಂದ ಬ್ಯಾಡ್ರಿ ಸ್ವಾಮ್ಯಾರ. ನಿನ್ನೆ ಸುಣ್ಣಾ ಹಚ್ಚೇತಿ, ಇನ್ನಾ ಹಸಿ ಐತಿ."

ಆ ಕೋಣೆಗೆ ಸುಣ್ಣವನ್ನೇ ಹಚ್ಚಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು. ಬೆಕ್ಕಿನ ಪುಣ್ಯ ಗಟ್ಟಿ.

ಫೆಬ್ರುವರಿ 9, ಭಾನುವಾರ

ದೊಡ್ಡವೆರಡು ಹಾರಿದವು. ಸಣ್ಣದು ಅಟ್ಟದ ಅಂಚಿಗೆ ಬಂದು ಕೆಳಗೆ ನೋಡಿ ಹಿಂದೆ ಸರಿಯುತ್ತದೆ. ಮುಂಡಗೋಡದಲ್ಲಿ ಕುಬಸ ಮುಗಿಸಿ ಬಂದ ಸತ್ತೆವ್ವಕ್ಕ ಮುಖ ಸಣ್ಣದು ಮಾಡಿಕೊಂಡಿದ್ದಾರೆ. ಸ್ವಪ್ನಾಳ ಅತ್ತೆ ಅನುಸೂಯಾಬಾಯಿ ಸೊಸೆಯನ್ನು ತಾವೇ ಕರೆದುಕೊಂಡು ಬಂದು, ಮನೆ ಕೋಣೆ ಎಲ್ಲ ಕಣ್ಣಾರೆ ನೋಡಿ, ಸರಿ ಅನಿಸಿದರೆ ಮಾತ್ರ ಬಿಟ್ಟುಹೋಗುತ್ತಾರಂತೆ. ಗುರುವಾರ ಬರುತ್ತಾರೆ.

ನಾಲ್ಕು ದಿನದಲ್ಲಿ ಹಾರುತ್ತೀಯಾ, ನಮ್ಮಪ್ಪಾ?

ಫೆಬ್ರುವರಿ 13, ಗುರುವಾರ

ಹಾರಲಿಲ್ಲ.

ಹೇಗೆ ಬರೆಯಲಿ? ಆದದ್ದು ಆದ ಹಾಗೆ ಬರೆಯುತ್ತೇನೆ.

ಅನುಸೂಯಾಬಾಯಿ ಎತ್ತರದ ಆಳು, ಮಾತು ಕಡಿಮೆ. ಟಿಬೆಟನ್ ಕಾಲೊನಿಯ ಪಕ್ಕದಲ್ಲಿ ಅವರ ಗೋವಿನಜೋಳದ ಹೊಲ. ಹಜಾರ ನೋಡಿದರು, ಅಡುಗೆಮನೆಯ ಕಟ್ಟೆ ಸವರಿ ನೋಡಿದರು. ಹೊತ್ತು ಇಳಿಯುತ್ತಿತ್ತು. ಮರಿ ಹಸಿಯುವ ಹೊತ್ತು. ನಾನು ಮತ್ತೆ ಮತ್ತೆ ಚಹಾ ತಂದೆ. ಏನು ಮಾಡಿದರೂ ಅವರು ಎದ್ದು, "ಬಾಳಂತಿ ಕೋಣಿ ಎಲ್ಲೈತಿ?" ಎಂದೇಬಿಟ್ಟರು.

ಸತ್ತೆವ್ವಕ್ಕ ಬಾಗಿಲು ತೆಗೆದರು. ನಾನು, ಸ್ವಪ್ನಾ ಹಿಂದೆ. ಅನುಸೂಯಾಬಾಯಿ ಬಚ್ಚಲು ನೋಡಿ, ಚಿಲಕ ಹಾಕಿ ತೆಗೆದು ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ಮೇಲಿನಿಂದ ಬಂತು, ಉದ್ದನೆಯ, ಒರಟಾದ "ಬುಸ್ಸ್ಸ್."

ಅವರು ನಿಂತರು. "ಏನದು?"

ಮಾತಾಡಿದ್ದು ಸತ್ತೆವ್ವಕ್ಕ. "ಬೆಕ್ಕ ಐತ್ರಿ ಅಕ್ಕಾರ. ಮರಿ ಹಾಕೈತಿ."

ಅವರ ದನಿ ನಡುಗುತ್ತಿತ್ತು. ಬೆಕ್ಕೆಂದು ನಂಬಿದವರ ದನಿ ಯಾಕೆ ನಡುಗಬೇಕು? ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತಿದ್ದರು, ಕಣ್ಣು ನೆಲದ ಮೇಲೆ. ಇಷ್ಟು ದಿನದಲ್ಲಿ ಒಮ್ಮೆಯೂ ಅವರು ಅಟ್ಟದ ಕಡೆ ಕತ್ತೆತ್ತಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ನೋಡಿದರೆ ನೋಡಿದಂತಾಗುತ್ತದೆ, ಹೇಳಿದರೆ ಹೇಳಿದಂತಾಗುತ್ತದೆ, ಆಮೇಲೆ ಮನೆ ಬಿಡಬೇಕು. ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಕಸಬರಿಗೆ ನನ್ನ ಕೈಗೆ ಕೊಟ್ಟ ಆ ಗಳಿಗೆಯಿಂದಲೇ. ಮುಗ್ಧೆ ಯಾರು, ದೇವರೇ!

ಅನುಸೂಯಾಬಾಯಿ ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಂಡರು. ಬಂಗಾರದ ಬಣ್ಣದ ಮೇಲೆ ಬೂದು ಚುಕ್ಕೆಯ, ಮೆತ್ತನೆಯ ಒಂದು ಗರಿ. ಬೆಳಿಗ್ಗೆ ಗುಡಿಸಿದ್ದೆ, ಆಮೇಲೆ ಬಿದ್ದಿರಬೇಕು. ಬೆಳಕಿಂಡಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸತ್ತೆವ್ವಕ್ಕ ಕಣ್ಣು ಮುಚ್ಚಿಕೊಂಡರು. ನಾನು, ಎಲ್ಲ ನನ್ನದೇ ತಪ್ಪು, ನನ್ನ ಸಂಶೋಧನೆ, ಇವರದೇನೂ ಇಲ್ಲ ಎಂದು ಕಾಲು ಹಿಡಿಯುವುದೆಂದು ಒಂದು ಹೆಜ್ಜೆ ಮುಂದಿಟ್ಟಿದ್ದೆ.

"ಹೌದು" ಎಂದರು ಅನುಸೂಯಾಬಾಯಿ. "ಬೆಕ್ಕನ."

ಗರಿಯ ಧೂಳು ಊದಿ ಅವರೇ ಮುಂದುವರಿಸಿದರು.

"ನಮ್ಮ ಗೋವಿನಜೋಳದ ಮಾಳಿಗಿಗೂ ಬಂದಿತ್ರಿ ಇಂಥಾ ಬೆಕ್ಕ, ನನ್ನ ಮಗಾ ಹುಟ್ಟಿದ ವರ್ಷ. ಆ ವರ್ಷ ಒಂದ ಇಲಿ ಕಾಳ ಮುಟ್ಟಲಿಲ್ಲ. ನಮ್ಮ ಅತ್ತಿ ಯಾರ ಮುಂದೂ ಬಾಯಿ ಬಿಡಲಿಲ್ಲ. ಮನೀ ಬೆಕ್ಕಿನ ಸುದ್ದಿ ಊರಿಗೆ ಯಾಕ?"

"ಎಲ್ಲೈತಿ? ನಾನೂ ನೋಡ್ತೇನಿ" ಎಂದು ಸ್ವಪ್ನಾ ಕತ್ತು ಚಾಚಿದಳು.

"ನೋಡಬಾರ್ದು!" ಎಂದರು ಇಬ್ಬರು ಬೀಗತಿಯರೂ ಒಟ್ಟಿಗೆ.

ಅನುಸೂಯಾಬಾಯಿ ಗರಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಬೆಕ್ಕಿನ ಕೂದಲಾ. ನೀ ಇಟ್ಕೋ ತಂಗಿ, ಕಲ್ತಾಕಿ ಅದಿ, ನಿನಗ ಬೇಕಾಕ್ಕತಿ." ಮತ್ತೆ ಸತ್ತೆವ್ವಕ್ಕನಿಗೆ, "ಮರಿ ದೊಡ್ಡದಾಗಿ ಹೋಗೂತನಕಾ ನನ್ನ ಸೊಸಿ ಹಜಾರದಾಗ ಮಲಗ್ಲಿ. ಬಾಳಂತಿ ಇದ್ದ ಕೋಣ್ಯಾಗ ಇನ್ನೊಬ್ಬಾಕಿ ಹೋಗಬಾರ್ದು. ಅವಸರ ಮಾಡಬ್ಯಾಡ್ರಿ."

ಸತ್ತೆವ್ವಕ್ಕ ಅಲ್ಲೇ ಗೋಡೆಗೆ ಒರಗಿ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ನಾನೂ ಅತ್ತೆ. ಮೇಲಿನವನು ಹಸಿದು ಇನ್ನೊಮ್ಮೆ ಬುಸ್ಸೆಂದ.

ಫೆಬ್ರುವರಿ 17, ಸೋಮವಾರ

ಹೊಸ ನಕ್ಷೆಯ ಪೆಟ್ಟಿಗೆ ಸಿದ್ಧವಾಯಿತು. ಬೆಳಕಿಂಡಿಯ ಆಚೆ, ಹಿಂಬದಿಯ ಹೊರಗೋಡೆಗೆ ನಾನು, ಸಾತಪ್ಪಣ್ಣ ಸೇರಿ ಬಡಿದೆವು. ಯಾತಕ್ಕೆಂದು ಅವರು ಕೇಳಿದರು, ಬೆಕ್ಕಿಗೆ ಎಂದೆ. ಗೋಡೆಯ ಮೇಲೆ, ಅಷ್ಟು ಎತ್ತರಕ್ಕೆ ಎಂಥ ಬೆಕ್ಕು ಹತ್ತುತ್ತದೆ ಎಂದರು. ಹತ್ತುತ್ತದೆ, ನಮ್ಮದು ಜಾಣ ಬೆಕ್ಕು ಎಂದೆ. ಗೈಡ್ ಎರಡು ಸಲ ಫೋನ್ ಮಾಡಿದ್ದರು, ನಾಳೆ ಮಾತಾಡಿದರಾಯಿತು.

ಸಂಜೆ ಅಂಗಳದಲ್ಲಿ ಸ್ವಪ್ನಾಳಿಗೆ ಸತ್ತೆವ್ವಕ್ಕ ತಲೆ ಹಿಕ್ಕುತ್ತಿದ್ದರು. ನಾನು ಹಿಂಬದಿಯ ಬೇಲಿಯ ಹತ್ತಿರ ಕೂತಿದ್ದೆ. ಸಣ್ಣದು ಬೆಳಕಿಂಡಿಯ ಅಂಚಿಗೆ ಬಂದು, ಬಹಳ ಹೊತ್ತು ಕಬ್ಬು ಕಡಿದ ಬಯಲನ್ನು ನೋಡುತ್ತ, ಒಂದೊಂದೇ ಕಾಲು ಎತ್ತಿಡುತ್ತ ನಿಂತಿತ್ತು. ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು, ತೆಗೆಯುವುದು ನೆನಪಾಗಲಿಲ್ಲ.

ಅಂಗಳಕ್ಕೆ ಬಂದು, ಬೆಕ್ಕು ಹೊರಡಲು ನಿಂತಿದೆ ಎಂದೆ. ಸತ್ತೆವ್ವಕ್ಕ ಬಾಚಣಿಗೆ ಬದಿಗಿಟ್ಟು ಕೈ ಮುಗಿದರು. ನಾಳೆ ಸುಣ್ಣದವನಿಗೆ ಬರಹೇಳಿದ್ದಾರೆ, ಸ್ವಪ್ನಾಳ ಮಂಚವನ್ನು ಬುಧವಾರ ಒಳಗೆ ಹಾಕುವುದು. ಕಸ ಹೊಡೆಯುವುದು ಮಾತ್ರ ಇನ್ನೂ ನನ್ನದೇ ಪಾಳಿ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬೆಕ್ಕು ಹಾರಿಹೋಯಿತು.